ಚಿಮಣಿಗೆ ಕಟ್ಟಿಕೊಂಡ ಮೇಸ್ತ್ರಿ

ಎಲ್ಲಕ್ಕೂ ಕಾರಣ ಒಂದು ಕೆಂಪು ಗುರುತು. ಮುಚ್ಚಿ ಇಪ್ಪತ್ತು ವರ್ಷವಾದ ಬಟ್ಟೆ ಮಿಲ್ಲಿನ ಚಿಮಣಿಯ ಬುಡಕ್ಕೆ ಬೆಳಿಗ್ಗೆ ಯಾರೋ ಅದನ್ನು ಬಳಿದು ಹೋಗಿದ್ದರು.

“ಕೆಂಪು ಬಳಿದ್ರು ಅಂದ್ರೆ ಕೆಡವ್ತಾರೆ ಅಂತಲೇ ಲೆಕ್ಕ,” ಎಂದು ಪಕ್ಕದ ಮನೆಯ ದರ್ಜಿ ತೀರ್ಪು ಕೊಟ್ಟ.

ಮಗ್ಗದ ಮೇಸ್ತ್ರಿಗೆ ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ದುಡಿದು ಅವನ ಕಿವಿ ಮಂದವಾಗಿತ್ತು. ಗಂಟಲು ಮಾತ್ರ ಸೈರನ್ನಿನಂತೆ ಗಟ್ಟಿಯಾಗಿತ್ತು.

“ಮೊದಲು ನನ್ನ ಕೆಡವಲಿ, ಆಮೇಲೆ ಚಿಮಣಿ! ಕಟ್ಟೋ ನನ್ನ!”

ದರ್ಜಿ ಬಟ್ಟೆ ಒಣಹಾಕುವ ಹಗ್ಗ ತಂದು, ಮದುವೆ ಕೋಟಿಗೆ ಅಳತೆ ತೆಗೆಯುವ ಶ್ರದ್ಧೆಯಿಂದ ಸುತ್ತಿ ಏಳು ಗಂಟು ಬಿಗಿದ. ಓಡಿಬಂದ ಮೇಸ್ತ್ರಿಯ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ನನ್ನ ಕಟ್ಕೊಂಡಾಗ ಇಷ್ಟು ಉತ್ಸಾಹ ಇರ್ಲಿಲ್ವಲ್ರೀ ನಿಮಗೆ!”

ಬಿಸಿಲೇರಿತು. ಇರುವೆಗಳು ಪ್ಯಾಂಟಿನೊಳಗೆ ಮೆರವಣಿಗೆ ಹೊರಟವು. ದರ್ಜಿ ಪೊರಕೆಯಿಂದ ಅವನ್ನು ಹೊಡೆಯಹೋಗಿ ಮೇಸ್ತ್ರಿಯ ಮೊಣಕಾಲನ್ನೇ ಹೊಡೆದ. ಅಷ್ಟರಲ್ಲಿ ಜೀಪೊಂದು ಬಂದು ನಿಂತು, ಫೈಲು ಹಿಡಿದ ಅಧಿಕಾರಿಣಿ ಇಳಿದಳು.

“ಯಾರನ್ನ ಕೇಳಿ ಬಂದ್ರಿ?” ಮೇಸ್ತ್ರಿ ಗುಡುಗಿದ. “ಸೈರನ್ ಕೂಗಿದ್ರೆ ಸಾವಿರ ಜನ ಈ ಗೇಟಿಗೆ ಬರ್ತಿದ್ವಿ. ನಮ್ಮಮ್ಮ ನೂಲು ಸುತ್ತೋವಾಗ ನೋವು ಬಂದು, ಓಡಿಹೋಗಿ ನನ್ನ ಹೆತ್ತಿದ್ದು ಅಗೋ, ಆ ಮೂರನೇ ಮನೇಲಿ! ಇವತ್ತಿಗೂ ಅಲ್ಲೇ ಇದೀನಿ. ಸೋರಿದ್ರೆ ಬಕೆಟ್ ಇಟ್ಟಿದೀನಿ, ಒಂದು ಹಂಚು ಬದಲಾಯಿಸಿಲ್ಲ!”

ಅವಳು ಬರೆದುಕೊಳ್ಳುತ್ತಲೇ ತಲೆಯೆತ್ತಿದಳು. “ಒಂದೂ?”

“ಗೋಡೆಗೆ ಒಂದು ಮೊಳೆ ಸಹ ಹೊಡೆದಿಲ್ಲ ತಾಯಿ!”

“ಸಮಾಧಾನ ಮಾಡ್ಕೊಳ್ಳಿ ಯಜಮಾನ್ರೇ. ಚಿಮಣಿ ಉಳಿಸೋಕೇ ನಾವು ಬಂದಿರೋದು. ಆ ಕೆಂಪು ಸಂರಕ್ಷಣೆಯ ಗುರುತು.”

ಬೀದಿಗೆ ಬೀದಿಯೇ ಕೇಕೆ ಹಾಕಿತು. ಗಂಟು ಬಿಚ್ಚಲಾರದೆ ದರ್ಜಿ ಕತ್ತರಿ ಆಡಿಸಿದ; ಹಗ್ಗದ ಜೊತೆ ಅಂಗಿಯ ತೋಳೂ ಹೋಯಿತು. ಮೇಸ್ತ್ರಿ ಮಾತ್ರ ಯುದ್ಧ ಗೆದ್ದವನಂತೆ ಎದೆಯುಬ್ಬಿಸಿ ನಿಂತ.

“ನಿಮ್ಮಿಂದ ದೊಡ್ಡ ಉಪಕಾರ ಆಯ್ತು,” ಎಂದಳು ಅಧಿಕಾರಿಣಿ. “ಕೆಲಸಗಾರರ ಹಳೇ ಮನೆ ಒಂದು ಬೇಕಿತ್ತು. ಎಲ್ರೂ ಒಡೆದು ಕಟ್ಟಿಸ್ಕೊಂಡಿದಾರೆ. ನಿಮ್ಮದನ್ನ ಪಟ್ಟಿಗೆ ಸೇರಿಸಿದೀನಿ. ತಿಂಗಳೊಳಗೆ ಖಾಲಿ ಮಾಡ್ಬಿಡಿ. ನೀವೆಲ್ಲ ಹೇಗೆ ಬದುಕ್ತಿದ್ರಿ ಅಂತ ಜನ ಟಿಕೆಟ್ ತಗೊಂಡು ನೋಡ್ತಾರೆ.”

“ಅದನ್ನ ತೋರಿಸೋಕೆ ಬದುಕಿರೋ ನಮ್ಮನ್ನೇ ಆಚೆ ಹಾಕ್ತೀರಾ?”

“ನಿಯಮ ಇರೋದೇ ಹಾಗೆ.”

ಮೇಸ್ತ್ರಿ ಹೆಂಡತಿಯ ಕೈಹಿಡಿದು ಸರಸರ ನಡೆದು, ಮನೆಯೊಳಗೆ ಹೊಕ್ಕು ಅಗುಳಿ ಜಡಿದ. ಮರುಕ್ಷಣ ಕಿಟಕಿಯಿಂದ ಆ ಗಂಟಲು ಬೀದಿಗೆಲ್ಲ ಕೇಳಿಸಿತು:

“ಮಾರ್ಕೊಳ್ಳಿ ನಿಮ್ಮ ಟಿಕೆಟ್ಟು! ನಾವಿಬ್ರೂ ಇಲ್ಲೇ ಇರ್ತೀವಿ. ಹೇಗೆ ಬದುಕ್ತಿದ್ವಿ ಅಂತ ಬಂದೋರಿಗೆ ನಾವೇ ಬದುಕಿ ತೋರಿಸ್ತೀವಿ!”