ಎರಡು ಡಿಗ್ರಿಯ ಹಟ

ಚಿಂತೆ ಮಾಡುವುದಕ್ಕೂ ಪ್ರತಿಭೆ ಬೇಕು. ನನಗದು ಹುಟ್ಟಿನಿಂದಲೇ ಬಂದಿದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನಂಜನಗೂಡಿನ ದಾರಿಯಿಂದ ಕಾರು ತಿರುಗಿಸಿಕೊಂಡು ಬಂದು, ಸಿಲಿಂಡರೇ ಖಾಲಿಯಾಗಿದ್ದನ್ನು ಕಂಡು ನಿಟ್ಟುಸಿರು ಬಿಟ್ಟವಳು ನಾನು. ಇಂಥವಳು ನಲವತ್ತೇಳನೆಯ ವಯಸ್ಸಿನಲ್ಲಿ, ಕಾಲೇಜಿನ ಭೌತಶಾಸ್ತ್ರದ ಪಾಠಕ್ಕೆ ರಜೆ ಹಾಕಿ, ಪಿಎಚ್‌ಡಿಯ ಭಾಗವಾಗಿ ಮೇಟಗಳ್ಳಿಯ ಬ್ಯಾಟರಿ ಕಂಪನಿಯೊಂದಕ್ಕೆ ಇಂಟರ್ನ್ ಆಗಿ ಸೇರಿದೆ. ಮೊದಲ ದಿನ ಗೇಟಿನ ಸೆಕ್ಯುರಿಟಿಯವರು, "ಮಗಳನ್ನ ಬಿಡಕ್ಕೆ ಬಂದ್ರಾ ಅಮ್ಮ?" ಎಂದರು. "ಇಂಟರ್ನ್ ನಾನೇ ಕಣಪ್ಪ" ಎಂದೆ. ಎದ್ದು ನಿಂತು ನಮಸ್ಕಾರ ಮಾಡಿದರು. ಗೌರವವೋ ಕನಿಕರವೋ ತಿಳಿಯಲಿಲ್ಲ.

ಕೆಲಸ ಮಾತ್ರ ನನಗೆಂದೇ ಹೇಳಿ ಮಾಡಿಸಿದ್ದು. ವಿದ್ಯುತ್ ಸ್ಕೂಟರಿನ ಬ್ಯಾಟರಿಯೊಳಗೆ ಲಿಥಿಯಂ ಹೇಗೆ ಓಡಾಡುತ್ತದೆ, ಶಾಖ ಎಲ್ಲಿ ಹುಟ್ಟಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು, ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಪ್ಯಾಕ್ ತಯಾರಾಗುವ ಮೊದಲೇ ಅದರ ಕಷ್ಟಗಳನ್ನು ಕಂಪ್ಯೂಟರಿನಲ್ಲಿ ಕಾಣಬೇಕು. ಅಂದರೆ, ಇನ್ನೂ ಆಗದಿರುವುದಕ್ಕೆ ಈಗಲೇ ಚಿಂತಿಸುವುದು. ಮನೆಯಲ್ಲಿ ಬೈಸಿಕೊಂಡು ಮಾಡುತ್ತಿದ್ದುದಕ್ಕೆ ಇಲ್ಲಿ ಒಂದು ಕುರ್ಚಿ, ಎರಡು ಹೊತ್ತು ಕಾಫಿ.

ಮೂರು ತಿಂಗಳ ಮೇಲೆ ನನ್ನ ಲೆಕ್ಕ ಹೇಳಿತು: ಏಪ್ರಿಲ್ ಮಧ್ಯಾಹ್ನ ಸ್ಕೂಟರ್ ಇಬ್ಬರನ್ನು ಹೊತ್ತು ಚಾಮುಂಡಿ ಬೆಟ್ಟ ಹತ್ತಿದರೆ, ಹೊಸ ಪ್ಯಾಕಿನ ನಡುಸಾಲಿನ ಸೆಲ್‌ಗಳು ಸುರಕ್ಷಿತ ಮಿತಿಗಿಂತ ಎರಡು ಡಿಗ್ರಿ ಹೆಚ್ಚು ಕಾಯುತ್ತವೆ. ನನ್ನ ಮೇಲಧಿಕಾರಿ ಚೇತನ್, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು, ನಯವಾಗಿಯೇ ಹೇಳಿದರು: "ಮೇಡಂ, ಗಾಳಿಯಿಂದ ಎಷ್ಟು ತಂಪಾಗುತ್ತೆ ಅಂತ ಹಾಕಿದ್ದೀರಲ್ಲ, ಆ ಸಂಖ್ಯೆನ ಸ್ವಲ್ಪ ಅಡ್ಜಸ್ಟ್ ಮಾಡಿ. ಎರಡು ಡಿಗ್ರಿ ತಾನೆ? ಡಿಸೈನ್ ಫೈನಲ್ ಆಗ್ಬುಟ್ಟಿದೆ."

ಅಡ್ಜಸ್ಟ್! ಈ ಊರಿನಲ್ಲಿ ಆ ಮಾತಿಗೆ ಇಲ್ಲವೆಂದವರುಂಟೆ? ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂತಿದ್ದೇನೆ. ನಾದಿನಿಯ ಮದುವೆ, ಮಗಳ ಎಸ್ಸೆಸ್ಸೆಲ್ಸಿ, ಅತ್ತೆಯ ಮಂಡಿ ಆಪರೇಷನ್ ಎಂದು ಈ ಪಿಎಚ್‌ಡಿಯನ್ನೇ ಇಪ್ಪತ್ತು ವರ್ಷ ಮುಂದೆ ಹಾಕಿದ್ದೇನೆ. "ನಾನು ಅಡ್ಜಸ್ಟ್ ಮಾಡ್ಕೋತೀನಿ ಸರ್. ಗಾಳಿ ಮಾಡ್ಕೊಳ್ಳಲ್ಲ" ಎಂದೆ. ಅದು ನನ್ನದೇ ದನಿ ಎಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು.

"ವರದಿ ಒಪ್ಪಿಗೆಯಾಗ್ದೆ ಸರ್ಟಿಫಿಕೇಟ್ ಕೊಡಕ್ಕಾಗಲ್ಲ ಮೇಡಂ" ಎಂದರು. ಸರ್ಟಿಫಿಕೇಟ್ ಇಲ್ಲದೆ ನಾನು ಪ್ರಬಂಧ ಸಲ್ಲಿಸುವಂತಿಲ್ಲ.

ಸಂಜೆ ರಾಮಕೃಷ್ಣನಗರದ ಮನೆಯಲ್ಲಿ ಯಜಮಾನರು ಚಪಾತಿ ಮುರಿಯುತ್ತ, "ಬರ್ಕೊಟ್ಬುಡು ಕಣೇ. ಎರಡು ಡಿಗ್ರಿಗೆ ಯಾಕಿಷ್ಟು ರಂಪ?" ಎಂದರು.

"ಹೋದ ತಿಂಗಳು ನಿಮ್ಮ ಜ್ವರ ಎರಡು ಡಿಗ್ರಿ ಏರಿದಾಗ, ವಿಲ್ ಬರೀಬೇಕು ಪೇಪರ್ ತಾ ಅಂದಿದ್ದು ಯಾರ್ರೀ?" ಎಂದೆ. ಅವರು ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಮರುದಿನ ಒಂದಂಕಿಯನ್ನೂ ತಿದ್ದದೆ ವರದಿಗೆ ಸಹಿ ಹಾಕಿ ಕೊಟ್ಟೆ. ಚೇತನ್ ಬಹಳ ಹೊತ್ತು ಓದಿದರು. "ಸರಿ, ಒಂದು ಪ್ಯಾಕ್ ಮಾಡ್ಸಿ ಬಿಸಿ ಕೋಣೆಯಲ್ಲಿಟ್ಟು ಓಡಿಸಿ ನೋಡೇಬುಡೋಣ. ನಿಮ್ಮ ಲೆಕ್ಕ ತಪ್ಪಾಗಿದ್ರೆ?"

"ತಪ್ಪು ನನ್ನದು ಅಂತ ಬರ್ಕೊಡ್ತೀನಿ. ಸಂಖ್ಯೆ ಮಾತ್ರ ತಿದ್ದಲ್ಲ."

ಪರೀಕ್ಷೆ ಸೋಮವಾರ. ಸ್ಕೂಟರ್ ಹತ್ತಿದ ಯಾರಿಗೂ ಏನೂ ಆಗದಿರಲಿ ಎಂದು ಹಟ ಹಿಡಿದವಳು, ಈಗ ದಿನಾ ದೇವರ ಮುಂದೆ ದೀಪ ಹಚ್ಚಿ, ಆ ಪ್ಯಾಕ್ ಒಂದು ಚೆನ್ನಾಗಿ ಕಾಯಲಪ್ಪಾ, ಎರಡೇ ಎರಡು ಡಿಗ್ರಿ ಎಂದು ಬೇಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮಾತ್ರ ಸುತ್ತಮುತ್ತ ಯಾರೂ ಇಲ್ಲದ್ದು ನೋಡಿ, ಒಂದೂವರೆಯಾದರೂ ಪರವಾಗಿಲ್ಲ ಎಂದುಬಿಟ್ಟೆ.