ಮೂಲಿ ಖಾನಾವಳಿಯ ನೆಂಟರು

“ಇವತ್ತಿನಿಂದ ನಿನ್ನ ತವರಿನವರು ಕತ್ತಲಾಗ ಕಂಬಳಿ ಹೊತ್ಕೊಂಡು ಬಂದ್ರೂ ಗುರ್ತು ಹಿಡಿತೀನಿ! ಹಿಡೀಲಿಲ್ಲಂದ್ರ ನನ್ನ ಹೆಸರು ಕಳಕಪ್ಪ ಅಲ್ಲ!”

ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಕಳಕಪ್ಪ, ಒಂದು ಭಾನುವಾರ ಸಂಜೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ಈ ಭೀಷ್ಮಪ್ರತಿಜ್ಞೆ ಮಾಡಿದ. ಭೀಷ್ಮನಿಗೆ ಹೆಂಡತಿ ಇರಲಿಲ್ಲ, ಅದಕ್ಕೇ ಅವನ ಪ್ರತಿಜ್ಞೆ ಉಳಿಯಿತು. ಕಳಕಪ್ಪನಿಗೆ ಶಿವಲೀಲಾ ಇದ್ದಳು.

“ಹೆಸರು ಬದಲ ಮಾಡೂದು ಭಾಳ ತ್ರಾಸಿನ ಕೆಲಸ ನೋಡ್ರಿ. ಅಂಗಡಿ ಬೋರ್ಡೂ ಹೊಸಾದು ಬರಸಬೇಕಾಕ್ಕೈತಿ,” ಎಂದಳು ಆಕೆ, ಮಗಳು ಸಹನಾಳ ಜಡೆ ಹೆಣೆಯುತ್ತ.

ಆಕೆಯ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಕಳಕಪ್ಪ ಕಣ್ಣು ಮುಚ್ಚಿ ಒಂದು ಬೇರಿಂಗ್ ಮುಟ್ಟಿ ಅದು ಯಾವ ಗಾಡಿಯದೆಂದು ಹೇಳಬಲ್ಲ ಮಹಾನುಭಾವ. ಮನುಷ್ಯರ ಮುಖ ಮಾತ್ರ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದರಲ್ಲೂ ಹೆಂಡತಿಯ ತವರಿನ ಮುಖಗಳು! ನಾದಿನಿಯ ಮಗನ ತೊಟ್ಟಿಲ ಕಾರ್ಯದಲ್ಲಿ ಶಿವಲೀಲಾಳ ಸ್ವಂತ ಸೋದರಮಾವನನ್ನು ಅಡುಗೆಯವನೆಂದು ತಿಳಿದು, “ಸಾರು ಭಾಳ ಛಲೋ ಮಾಡೀಯಪ್ಪಾ” ಎಂದು ಕೈಯಲ್ಲಿ ಭಕ್ಷೀಸು ಇಟ್ಟಿದ್ದ. ಹೋದ ತಿಂಗಳಂತೂ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಆಕೆಯ ಕಾಕಾನ ಎದುರಿಗೇ ನಿಂತು, “ಯಜಮಾನ್ರ, ಕುಷ್ಟಗಿ ಬಸ್ ಹೋತೇನ್ರಿ?” ಎಂದು ಕೇಳಿದ. ಕಾಕಾ ಅಷ್ಟೇ ಮರ್ಯಾದೆಯಿಂದ “ಹೋತ್ರಿ” ಎಂದರು. ಸಂಜೆಯೊಳಗೆ ಸುದ್ದಿ ಇಡೀ ಬಳಗಕ್ಕೆ ಮುಟ್ಟಿತ್ತು.

ಅಂದೇ ಶಿವಲೀಲಾ ತೀರ್ಪು ಕೊಟ್ಟಿದ್ದಳು. “ನಮ್ಮ ಮಂದಿ ಗುರ್ತು ನಿಮಗಿಲ್ಲ. ನಿಮ್ಮ ಮಂದಿ ಮದುವಿ ನನಗ್ಯಾಕ್ರಿ? ನಿಮ್ಮಕ್ಕನ ಮಗಳ ಮದುವಿಗೆ ನೀವ ಹೋಗಿ ಅಕ್ಷತಿ ಹಾಕಿ ಬರ್ರಿ!”

ಮದುವೆಗೆ ಉಳಿದದ್ದು ಒಂದೇ ವಾರ. ಕುಷ್ಟಗಿಯ ಅಕ್ಕನ ಬಾಯಿ ಎಂಥದೆಂದು ಕಳಕಪ್ಪನಿಗೆ ಹುಟ್ಟಿದಾಗಿನಿಂದ ಗೊತ್ತು. ಹೆಂಡತಿಯಿಲ್ಲದೆ ಹಂದರದೊಳಗೆ ಕಾಲಿಟ್ಟರೆ ಅಕ್ಕ ಮೈಕು ಕಿತ್ತುಕೊಂಡು ಕೇಳುವವಳೇ! ಮನೆಯಲ್ಲಿ ಹುಲಿ, ಕುಷ್ಟಗಿಯಲ್ಲಿ ಸಿಂಹಿಣಿ. ನಡುವೆ ಸಿಕ್ಕ ಬಡಪ್ರಾಣಿಗೆ ಒಂದೇ ಉಪಾಯ ಹೊಳೆಯಿತು. ಶಿವಲೀಲಾಳಿಗೆ ಜೀವಕ್ಕಿಂತ ಹೆಚ್ಚಾದ ಎಣ್ಣೆಗಾಯಿ ಸಿಗುವ, ಪೇಟೆ ನಡುವಿನ ಮೂಲಿ ಖಾನಾವಳಿ! ಅದರ ನಿಜವಾದ ಹೆಸರೇನೋ ದೊಡ್ಡದಿತ್ತು. ಓಣಿಯ ಮೂಲೆಯಲ್ಲಿದ್ದುದರಿಂದ ಊರಿಗೆಲ್ಲ ಅದು ಮೂಲಿ ಖಾನಾವಳಿ.

ಮೂವರೂ ಲೂನಾ ಏರಿ ಹೊರಟರು. ಏರಿನಲ್ಲಿ ಲೂನಾ ಮೂವರನ್ನೂ ಇಳಿಸಿ ತಾನೊಂದೇ ಹತ್ತಿತು. ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಪುಣ್ಯವಶಾತ್ ಆರು ಕುರ್ಚಿಯ ಒಂದು ಮೇಜು ಆಗತಾನೆ ಖಾಲಿಯಾಗಿ, ಕಳಕಪ್ಪ ಅದರ ಮೇಲೆ ದಂಡಯಾತ್ರೆ ನಡೆಸಿ ಗೆದ್ದ. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶಿವಲೀಲಾಳ ಮುಖದಲ್ಲಿ ನಗೆಯೂ ಇನ್ನೇನು ಬರುವುದರಲ್ಲಿತ್ತು. ಅಷ್ಟರಲ್ಲಿ ಸಹನಾ ಲಂಗದ ಮೇಲೆ ಮಜ್ಜಿಗೆ ಚೆಲ್ಲಿಕೊಂಡಳು. ತಾಯಿ ಮಗಳಿಬ್ಬರೂ ಅದನ್ನು ತೊಳೆಯಲು ನಳದ ಕಡೆಗೆ ಹೋದರು.

ಆಗಲೇ ಮೇಜಿನ ಪಕ್ಕದಲ್ಲಿ ಮೂವರು ಪ್ರತ್ಯಕ್ಷರಾದರು! ದಪ್ಪ ಮೀಸೆಯ ಒಬ್ಬ ಹಿರಿಯರು, ಅವರ ಹೆಂಡತಿ, ಇಳಕಲ್ ಸೀರೆಯುಟ್ಟ ಒಬ್ಬ ಅಜ್ಜಿ. ಮೂವರ ದೃಷ್ಟಿಯೂ ಕಳಕಪ್ಪನ ಮೇಲೆ. ಅವನು ರೊಟ್ಟಿ ಮುರಿದರೆ ರೊಟ್ಟಿ ನೋಡಿದರು, ಬಾಯಿಗಿಟ್ಟರೆ ಬಾಯಿ ನೋಡಿದರು. ಕಣ್ಣಿಗೆ ಕಣ್ಣು ಕೂಡಿದಾಗ ಮೀಸೆಯವರು ನಕ್ಕರು.

ಕಳಕಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಗುರುತಿಲ್ಲದವರು ಯಾರಾದರೂ ಹೀಗೆ ನೋಡುತ್ತಾರೆಯೇ? ತನ್ನ ಕಡೆಯವರಂತೂ ಅಲ್ಲ. ಹಾಗಾದರೆ ಆಕೆಯ ಕಡೆಯವರು! ಬಿಡಿಭಾಗ ಪರೀಕ್ಷಿಸುವ ಕಣ್ಣಿನಿಂದ ಮೂವರನ್ನೂ ನೋಡಿದ. ಅಜ್ಜಿಯ ಮೂಗು! ಸಂಶಯವೇ ಇಲ್ಲ, ಅತ್ತೆಯ ಮೂಗೂ ಅದೂ ಒಂದೇ ಕಂಪನಿಯ ಮಾಲು! ಇನ್ನು ‘ನೀವು ಯಾರು’ ಎಂದು ಕೇಳುವಂತಿಲ್ಲ. ನೆಂಟರನ್ನು ಹಾಗೆ ಕೇಳುವುದಕ್ಕಿಂತ ಎಡದಂಡೆ ಕಾಲುವೆಗೆ ಹಾರುವುದು ಲೇಸು.

“ಬರ್ರಿ ಬರ್ರಿ ಬರ್ರಿ!” ಎಂದು ಎದ್ದು ನಿಂತ. “ಯಾವಾಗ ಬಂದ್ರಿ?”

“ಈಗ ಬಂದ್ವಿರಿ,” ಎಂದರು ಮೀಸೆಯವರು.

“ಎಲ್ಲಾರೂ ಆರಾಮದಾರಿಲ್ರಿ?”

“ಎಲ್ಲಾರೂ ಆರಾಮ್ರಿ. ನಿಮ್ದು ಸಾವಕಾಶ ಆಗ್ಲಿ, ನಾವು ಇಲ್ಲೇ ನಿಂತಿರ್ತೀವಿ.”

“ನಿಂದ್ರೂದು? ನಾ ಕುಂತು ಉಣ್ಣೂದು, ನೀವು ನಿಂದ್ರೂದು? ಹಂಗಂದ್ರ ನಾ ಎಂಥಾ ಮನಷ್ಯಾರಿ! ಕುಂದರ್ರಿ ಮಾವಾರ!” ಎಂದವನೇ ಎಡಗೈಯಿಂದ ಕುರ್ಚಿ ಎಳೆದು, ಎಣ್ಣೆಗಾಯಿಯ ಬಲಗೈ ಮೇಲೆತ್ತಿ ಹಿಡಿದು, ಬಗ್ಗಿ ಅಜ್ಜಿಯ ಪಾದಕ್ಕೆ ಎಡಗೈ ತಾಗಿಸಿ ಹಣೆಗೊತ್ತಿಕೊಂಡ. ಅಜ್ಜಿ ಬೆರಗಾಗಿ, “ನೂರು ವರ್ಷ ಬಾಳಪ್ಪಾ” ಎಂದರು.

ಅಷ್ಟರಲ್ಲಿ ಶಿವಲೀಲಾ ಬಂದಳು. ಕಳಕಪ್ಪ ಆಕೆಯ ಮುಖವನ್ನೇ ನೋಡಿದ. ಆಕೆ ಒಂದು ಗಳಿಗೆ ನಿಂತಳು. ಆಮೇಲೆ ಥಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಸಾಲಾಗಿ ಮೂವರ ಕಾಲಿಗೂ ಬಿದ್ದಳು!

ಗೆದ್ದ! ಕಳಕಪ್ಪ ಗೆದ್ದ! ಜೀವನದಲ್ಲಿ ಮೊದಲ ಸಲ, ಯಾರ ಸಹಾಯವೂ ಇಲ್ಲದೆ, ಬರೀ ಮೂಗಿನ ಆಧಾರದ ಮೇಲೆ ಹೆಂಡತಿಯ ಬಳಗವನ್ನು ಗುರುತು ಹಿಡಿದಿದ್ದ!

“ಅಪ್ಪಾ, ಯಾರಿವರು?” ಎಂದಳು ಸಹನಾ.

“ಹಂಗ ಕೇಳಬಾರ್ದು! ನಮಸ್ಕಾರ ಮಾಡು!” ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಆಮೇಲೆ ನಡೆದದ್ದು ಊಟವಲ್ಲ, ಉತ್ಸವ. ಕಳಕಪ್ಪ ಹೋಳಿಗೆ ತರಿಸಿದ, ತುಪ್ಪ ತರಿಸಿದ, “ಮಾವಾರಿಗೆ ಇನ್ನೊಂದು ರೊಟ್ಟಿ!” ಎಂದು ಅಡುಗೆಮನೆಯವರೆಗೆ ಕೂಗಿದ. ಶಿವಲೀಲಾ ಏನು ಕಡಿಮೆಯೇ? ಸಪ್ಲೈಯರ್‌ನ ಕೈಯಿಂದ ಪಲ್ಯದ ಬಕೆಟ್ಟು ಕಸಿದುಕೊಂಡು ತಾನೇ ಬಡಿಸಿದಳು. ಮೀಸೆಯವರು ಮಳೆಯ ಬಗ್ಗೆ ಮಾತಾಡಿದರು, ಭತ್ತದ ಬಗ್ಗೆ ಮಾತಾಡಿದರು. ಹೂಂ ಎನ್ನಲು ಯಾರ ಗುರುತೂ ಬೇಕಾಗದ ಮಾತುಗಳು. ಅಜ್ಜಿ ಮಾತ್ರ ಶಿವಲೀಲಾಳ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಎಲ್ಲಾರಿಗೂ ನೀಡಿಕೋತ ಅಡ್ಡಾಡ್ತೀಯಲ್ಲ ಯವ್ವಾ, ನೀ ಉಂಡೇನು? ಕುಂದ್ರು ಮೊದಲ,” ಎಂದು ತಮ್ಮ ಕೈಯಾರೆ ಹೋಳಿಗೆ ಮುರಿದು ಆಕೆಯ ತಟ್ಟೆಗೆ ಹಾಕಿದರು. ಶಿವಲೀಲಾಳ ಕಣ್ಣು ತುಂಬಿದವು. ಕಳಕಪ್ಪ ತನ್ನ ಪಾಲಿನ ತುಪ್ಪವನ್ನೂ ಅಜ್ಜಿಯ ಕಡೆಗೆ ಸರಿಸಿದ. ತವರಿನ ಪ್ರೀತಿ ಅಂದರೆ ಇದು ಎಂದುಕೊಂಡ.

ಕಾದ ಕಬ್ಬಿಣ ಬಡಿಯಲು ಇದೇ ಹೊತ್ತು! ಇವರು ಬರುತ್ತಾರೆಂದರೆ ಆಕೆ ಬಾರದೆ ಎಲ್ಲಿಗೆ ಹೋದಾಳು?

“ಮಾವಾರ, ಬರೂ ಭಾನುವಾರ ಕುಷ್ಟಗ್ಯಾಗ ನಮ್ಮಕ್ಕನ ಮಗಳ ಮದುವಿ. ಎಲ್ಲಾರೂ ಬರಬೇಕ್ರಿ! ಬಸ್ ಸ್ಟ್ಯಾಂಡ್ ಹಿಂದಿನ ಕಲ್ಯಾಣ ಮಂಟಪ!”

ಮೀಸೆಯವರು ಸಂಕೋಚದಿಂದ ಹೆಂಡತಿಯ ಮುಖ ನೋಡಿದರು. ಶಿವಲೀಲಾ ಅಜ್ಜಿಯ ಕೈ ಬಿಡದೆ ಹೇಳಿದಳು: “ನೀವು ಬರದಿದ್ರ ನಡಿಯೂದಿಲ್ರೀ ಅಜ್ಜೀ! ನಾ ದಾರಿ ಕಾಯ್ತೀನಿ!”

“ಇಷ್ಟು ಪ್ರೀತಿಲೆ ಕರದ ಮ್ಯಾಲ ಬರ್ತೀವಿ ಬಿಡವ್ವಾ,” ಎಂದರು ಅಜ್ಜಿ.

ಬಿಲ್ಲಿನ ಮೇಲೆ ದೊಡ್ಡ ಕುಸ್ತಿಯೇ ನಡೆದು ಕಳಕಪ್ಪ ಗೆದ್ದ. ಹೆಂಗಸರು ಅಜ್ಜಿಯನ್ನು ಕರೆದುಕೊಂಡು ಮುಂದೆ ಹೋದರು. ಬಾಗಿಲಲ್ಲಿ ಮೀಸೆಯವರು ಅವನ ಎರಡೂ ಕೈ ಹಿಡಿದುಕೊಂಡರು.

“ನಮ್ಮ ವಯಸ್ಸಿನಾಗ ಇಂಥಾ ಮನಷ್ಯಾನ್ನ ನೋಡಿಲ್ರಿ. ಟೇಬಲ್ ಖಾಲಿ ಆಗ್ಲಿ ಅಂತ ಬಾಜೂಕ ಕಾಯ್ಕೋತ ನಿಂತಿದ್ವಿ. ಇನ್ನೊಬ್ಬರಾಗಿದ್ರ ಸಿಟ್ಟಾಗ್ತಿದ್ರು. ನೀವು ಕರದು ಕುಂದ್ರಿಸಿ ಉಣಿಸಿದ್ರಿ, ಮ್ಯಾಲ ಮದುವಿಗೂ ಕರದ್ರಿ! ನಾ ಕಿನ್ನಾಳದ ಪಕೀರಪ್ಪ. ನಿಮ್ಮ ಹೆಸರೇನ್ರಿ?”

ಕಳಕಪ್ಪನಿಗೆ ತನ್ನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮೂವರನ್ನೂ ಹತ್ತಿಸಿಕೊಂಡು ಟಂಟಂ ರಿಕ್ಷಾ ಹೋಯಿತು. ಅಜ್ಜಿ ಒಳಗಿನಿಂದ ಕೈ ಬೀಸುತ್ತಲೇ ಇದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದ ಹೆಂಡತಿಯನ್ನು ನೋಡಿ ಕಳಕಪ್ಪ ಮನದಲ್ಲೇ ಅಂದುಕೊಂಡ: ಕಥೆ ಮುಗಿಯಿತು! ಗುರುತಿಲ್ಲದವರ ಕಾಲಿಗೆ ಬೀಳಿಸಿದನೆಂದು ತಿಳಿದರೆ, ಮದುವೆಯಿರಲಿ, ಮನೆಗೂ ಬರುವುದಿಲ್ಲ!

ಶಿವಲೀಲಾ ಬಂದು ಮೆಲ್ಲಗೆ ಹೇಳಿದಳು: “ತಪ್ಪು ತಿಳ್ಕೊಂಡಿದ್ದೆ ನೋಡ್ರಿ. ನಿಮ್ಮ ಕಡೆಯವರೊಳಗ ಇಂಥಾ ಛಲೋ ಮಂದೀನೂ ಅದಾರ ಅಂತ ನನಗ ಗೊತ್ತ ಇರ್ಲಿಲ್ಲ.”

“ನನ್ನ ಕಡೆಯವರು?”

“ಮತ್ತ? ನೀವು ಕಾಲು ಮುಟ್ಟಿದ್ದು ನಳದ ಕಡೆಯಿಂದ ನೋಡೇ ನಾ ಮುಟ್ಟಿದೆ!”

“ನೀ ಬಿದ್ದದ್ದು ನೋಡಿ ನಿನ್ನ ಕಡೆಯವರು ಅಂತ ನಾ ಖಾತ್ರಿ ಮಾಡ್ಕೊಂಡ್ನೆಲ್ಲೇ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಸಹನಾ. ಆಮೇಲೆ ಖಾನಾವಳಿಯ ಮೆಟ್ಟಿಲ ಮೇಲೆಯೇ ಕುಳಿತು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳಕಪ್ಪನ ಎದೆ ಹಗುರಾಯಿತು, ಹಗುರಾದ ಕೂಡಲೇ ಉಬ್ಬಿತು.

“ಹಂಗಾರ ನಿನಗೂ ಗುರ್ತು ಹತ್ತಲಿಲ್ಲ! ಇನ್ನ ಮ್ಯಾಲ ನನ್ನ ಆಡ್ಕೊಳ್ಳಂಗಿಲ್ಲ ನೋಡು!”

“ಖರೇ ಐತ್ರಿ, ತಪ್ಪು ನಂದ. ‘ನೀ ಉಂಡೇನವ್ವಾ’ ಅಂತ ಆ ಅಜ್ಜಿ ಕೇಳಿದಾಗ್ಲೇ ತಿಳ್ಕೋಬೇಕಿತ್ತು, ಇವರು ನಿಮ್ಮ ಕಡೆಯವರು ಅಲ್ಲಂತ. ಹತ್ತು ವರ್ಷದಾಗ ನಿಮ್ಮ ಮಂದಿ ಒಬ್ಬರರ ಹಂಗ ಕೇಳ್ಯಾರೇನು?”

ಕಳಕಪ್ಪನ ಉಬ್ಬಿದ ಎದೆ ಟುಸ್ಸೆಂದಿತು. ಲೂನಾ ಒದ್ದು ಚಾಲೂ ಮಾಡಿ, ಹಿಂದೆ ಕುಳಿತವಳನ್ನು ಸಣ್ಣ ದನಿಯಲ್ಲಿ ಕೇಳಿದ:

“ಮದುವಿಗೆ... ಬರ್ತೀಯಿಲ್ಲೋ?”

“ಬರದ ಏನ್ ಮಾಡ್ಲಿ? ಆ ಅಜ್ಜಿ ಬರ್ತಾಳಲ್ಲ! ಅಷ್ಟು ಮಂದ್ಯಾಗ ನನ್ನ ಕಡೆಯವರು ಅಂತ ಒಬ್ಬರರ ಇದ್ದಂಗಾತು!”