ಏನೂ ನಡೆಯದ ಫೆಬ್ರವರಿ ಇಪ್ಪತ್ತೊಂಬತ್ತು

ದೊಡ್ಡಬಳ್ಳಾಪುರದ ಇತಿಹಾಸ ಪೂರ್ತಿ ಗೊತ್ತಿದ್ದವರು ಪ್ರಪಂಚದಲ್ಲಿ ಒಬ್ಬರೇ, ನಮ್ಮ ಸೋದರಮಾವ! ತಪ್ಪು ಹಿಡಿಯಬಲ್ಲ ಎರಡನೆಯವರು ಇಲ್ಲದ್ದರಿಂದ ಆ ಇತಿಹಾಸ ಪೂರ್ತಿ ಸರಿಯಾಗಿಯೂ ಇತ್ತು.

ಮಾವನ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ಬೀದಿಯ ಉಳಿದ ಮನೆಗಳಲ್ಲೂ ಮಗ್ಗವೇ. ಆ ಲಟಪಟದ ಮೇಲೆ ಮಾತಾಡಿ ಮಾತಾಡಿ ಇಡೀ ಬೀದಿಗೆ ಕಿರುಚುವ ಅಭ್ಯಾಸ. ಒಬ್ಬಾಕೆ ಪಕ್ಕದ ಮನೆಯಲ್ಲಿ ಉಪ್ಪು ಕೇಳಿದರೆ, ಊರಿಗೆ ಹೊಸಬರು ಜಗಳ ಬಿಡಿಸಲು ಓಡಿಬರುತ್ತಿದ್ದರು! ಮಾವನದಂತೂ ಮಗ್ಗ ನಿಂತರೂ ನಿಲ್ಲದ ಗಂಟಲು. ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ಹರಿದು, ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನ ಬಾಗಿಲಲ್ಲಿ ನಿಂತು ಸಾರುವರು: "ಇವತ್ತಿನ ದಿನ! ನಮ್ಮೂರಲ್ಲಿ!"

ಯುದ್ಧವೇನಾದರೂ ನಡೆದಿತ್ತೆಂದುಕೊಂಡಿರಾ? ಶಾನುಭೋಗರ ಎಮ್ಮೆ ಪೋಸ್ಟಾಫೀಸಿಗೆ ನುಗ್ಗಿತ್ತು! ಮಾರನೆಯ ದಿನ, ಪುರಸಭೆಯ ನಲ್ಲಿಯಲ್ಲಿ ಮೊದಲ ಸಲ ನೀರು ಬಂದದ್ದು. ಅದರ ಮಾರನೆಯ ದಿನ, ನಿಂತದ್ದು!

ಮಾವ ಅತ್ತ ಹೋದರೆ ಇತ್ತ ನನ್ನ ಸರದಿ. ಅದೇ ಬಾಗಿಲು, ಅದೇ ಭಂಗಿ, ಅದೇ ಗಂಟಲು. ಎಸ್ಸೆಸ್ಸೆಲ್ಸಿಯನ್ನು ಬಿಡಲಾರದೆ ಮತ್ತೆ ಮತ್ತೆ ಕಟ್ಟುತ್ತಿದ್ದ ನನಗೆ ಮಾವನ ದನಿಯೊಂದೇ ಸಂಪಾದನೆ. ಒಂದು ಅಣಕಕ್ಕೆ ಒಂದು ಬೈಟು ಕಾಫಿ.

ಇಂಥ ಮಾವನಿಗೆ ಒಂದೇ ಒಂದು ಕೊರಗು. ವರ್ಷದ ಎಲ್ಲ ದಿನಕ್ಕೂ ಒಂದೊಂದು ಘಟನೆ ಇತ್ತು, ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಇರಲಿಲ್ಲ. ಬರುವುದೇ ನಾಲ್ಕು ವರ್ಷಕ್ಕೊಮ್ಮೆ, ಅದೂ ಬರಿಗೈಲಿ!

"ಏನೋ ಒಂದು ಸುಳ್ಳು ಹೇಳ್ಬಿಡಿ ಮಾವ, ಯಾರಿಗ್ಗೊತ್ತಾಗುತ್ತೆ?" ಎಂದೆ.

"ಇತಿಹಾಸಕ್ಕೆ ಬೆರಕೆ ಮಾಡೋಕಾಗುತ್ತೇನೋ? ಇದೇನು ನಿಮ್ಮನೆ ಹಾಲಾ?"

ಸರಿ, ನಡೆಯದಿದ್ದರೆ ನಡೆಸಿಯೇ ಬಿಡೋಣವೆಂದು ಹೊರಟರು. ಅರವತ್ತನಾಲ್ಕರಲ್ಲಿ ಬೀದಿ ತುದಿಯಲ್ಲಿ ಅರಳಿ ಸಸಿ ನೆಟ್ಟರು. ಭಾಷಣ ಮುಗಿಯುವಷ್ಟರಲ್ಲಿ ಹಿಂದೆ ನಿಂತಿದ್ದ ಮೇಕೆ ಸಸಿಯನ್ನು ಮುಗಿಸಿತ್ತು. "ಮೇಕೆ ಸಸಿ ತಿಂದ ದಿನ ಅಂತ ಸಾರಿ ಮಾವ" ಎಂದರೆ, "ಅದು ಮೇಕೆಯ ಇತಿಹಾಸ ಕಣೋ, ಊರಿನದ್ದಲ್ಲ!" ಎಂದು ಗದರಿದರು. ಅರವತ್ತೆಂಟರಲ್ಲಿ ದೊಡ್ಡ ಮನುಷ್ಯರೊಬ್ಬರ ಕಾರು ಈ ದಾರಿಯಲ್ಲಿ ಬರುತ್ತದೆಂದು ಹಾರ ಹಿಡಿದು ನಿಂತರು. ಕಾರು ನಿಲ್ಲಲೇ ಇಲ್ಲ. ನಿಂತದ್ದು ಹಿಂದಿನ ಬಸ್ಸು. ಹಾರ ಕಂಡಕ್ಟರಿಗೆ ಬಿತ್ತು!

ಎಪ್ಪತ್ತೆರಡು ಬಂತು. "ಈ ಸಲ ತಪ್ಪಿದ್ರೆ ಮತ್ತೆ ನಾಲ್ಕು ವರ್ಷ. ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ" ಎಂದರು. ತಮಾಷೆಯಿರಬೇಕೆಂದು ಮುಖ ನೋಡಿದೆ, ತಮಾಷೆಯಿರಲಿಲ್ಲ. ಈ ಸಲದ ಯೋಜನೆ: ಬೀದಿಯ ಅಷ್ಟೂ ಮಗ್ಗಗಳನ್ನು ಒಟ್ಟಿಗೆ ಒಂದು ನಿಮಿಷ ನಿಲ್ಲಿಸುವುದು. ಹಾಡುಹಗಲಲ್ಲಿ ನಮ್ಮ ಬೀದಿ ಸುಮ್ಮನಿದ್ದ ದಿನ!

"ಕರೆಂಟ್ ಹೋದ್ರೆ ತಾನಾಗೇ ನಿಲ್ತವಲ್ಲ ಗುರುವೇ" ಎಂದರು ನೇಕಾರರು.

"ಅದು ಕರೆಂಟಿನೋರ ಸಾಧನೆ, ನಮ್ದಲ್ಲ!"

ಮನೆಮನೆಗೆ ಹೋಗಿ ಕೈಮುಗಿದು ಒಪ್ಪಿಸಿದರು. ಬೀದಿ ನಡುವೆ ನಿಂತು ಕೆಂಪು ವಸ್ತ್ರ ಬೀಸಿದರು. ಬಾಗಿಲಿಗೊಬ್ಬರಂತೆ ಕಾದಿದ್ದವರು ಒಳಗೆ ಸನ್ನೆ ಮಾಡಿದರು. ಮಗ್ಗಗಳೆಲ್ಲ ಗಪ್ಪನೆ ನಿಂತವು.

ಅತ್ತೆಗೆ ಮಾತ್ರ ಇದರ ಪರಿವೆಯಿಲ್ಲ. ಹಿತ್ತಲ ಗೋಡೆಯಾಚೆಯ ಗೆಳತಿಗೆ ಮಗ್ಗದ ಸದ್ದಿಗೆ ತಕ್ಕ ಗಂಟಲಲ್ಲಿ ಹೇಳುತ್ತಲೇ ಇದ್ದರು. ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿಸಿತು:

"ಇವತ್ತು ಏನೂ ನಡ್ದಿಲ್ವಂತೆ ಕಣೇ ಇವ್ರಿಗೆ! ನಾನು ಮದ್ವೆಯಾಗಿ ಈ ಊರಿಗೆ ಕಾಲಿಟ್ಟಿದ್ದೇ ಫೆಬ್ರವರಿ ಇಪ್ಪತ್ತೊಂಬತ್ತು! ಬೂದಿಗೆರೆಯಿಂದ ಗಾಡಿ ಹೊರಟಾಗ ನನ್ ತಮ್ಮ ರೇಗಿಸಿದ್ದ, 'ಅಕ್ಕಾ, ನಾಲ್ಕು ವರ್ಷಕ್ಕೊಂದ್ಸಲ ಬರೋ ದಿನ ಹೋಗ್ತಿದೀಯ, ತವರಿಗೂ ಹಂಗೇ ಬಂದೀಯ' ಅಂತ. ಇವ್ರು ಕೇಳಿದ್ರೆ ತಾನೇ ಹೇಳೋದು!"

ಅತ್ತೆ ಮನೆ ತುಂಬಿದ ದಿನ ಮಾವನಿಗೆ ಮರೆತಿತ್ತೇ? ಎಲ್ಲಾದರೂ ಉಂಟೇ! ಫಾಲ್ಗುಣ ಶುದ್ಧ ಪಂಚಮಿಗೆ ಪ್ರತಿವರ್ಷ ಪಾಯಸವಾಗುತ್ತಿತ್ತು. ಮನೆಯ ದಿನಗಳಿಗೆ ಪಂಚಾಂಗ, ಊರಿನ ದಿನಗಳಿಗೆ ಇಂಗ್ಲಿಷ್ ತಾರೀಖು. ಎರಡೂ ಒಂದೇ ದಿನ ಕೂಡಿರಬಹುದೆಂದು ಆ ಮಹಾ ಇತಿಹಾಸಕಾರರಿಗೆ ಹೊಳೆದೇ ಇರಲಿಲ್ಲ.

ನಿಮಿಷ ಮುಗಿಯಿತು. ಮಗ್ಗ ಮತ್ತೆ ಹಾಕಲು ಎಲ್ಲರೂ ಮಾವನ ಘೋಷಣೆಗೆ ಕಾದರು. ಮಾವ ಬಾಯಿ ತೆರೆದರು. ದನಿ ಬರಲಿಲ್ಲ. ವಸ್ತ್ರವನ್ನು ನನ್ನ ಕೈಗಿಟ್ಟು, "ನೀನ್ಹೇಳೋ" ಎಂಬಂತೆ ಸನ್ನೆ ಮಾಡಿದರು.

ಅದೇ ಭಂಗಿಯಲ್ಲಿ ನಿಂತು, ಅದೇ ಗಂಟಲಲ್ಲಿ ಕೂಗಿದೆ: "ಇವತ್ತಿನ ದಿನ! ನಮ್ಮೂರಿಗೆ! ಬೂದಿಗೆರೆಯಿಂದ ಎತ್ತಿನ ಗಾಡಿಯಲ್ಲಿ ನಮ್ಮತ್ತೆ ಬಂದರು!" ನನ್ನ ಅಣಕಕ್ಕೆ ಯಾರೂ ನಗದಿದ್ದದ್ದು ಅದೇ ಮೊದಲು. ಅತ್ತೆ ಸೆರಗಲ್ಲಿ ಕೈ ಒರೆಸುತ್ತಾ ಬಾಗಿಲಿಗೆ ಬಂದು ನಿಂತರು.

ಮಾವ ನನ್ನ ಕಿವಿಯ ಬಳಿ ಬಗ್ಗಿದರು.

"ಗಾಡೀಲಲ್ಲ ಕಣೋ. ಕೆರೆ ಏರಿ ಹತ್ರ ಎತ್ತು ಕುಂಟ್ತು. ಅಲ್ಲಿಂದ ನಡ್ಕೊಂಡೇ ಬಂದ್ಲು. ಹಸಿರು ಸೀರೆ ಉಟ್ಟಿದ್ಲು. ಸರಿಯಾಗಿ ಹೇಳು."

ಮಾವನ ಎಲ್ಲ ದನಿಯನ್ನೂ ನಾನು ಮಾಡಬಲ್ಲೆ. ಆ ಪಿಸುದನಿ ಮಾತ್ರ ಇವತ್ತಿಗೂ ಬರುವುದಿಲ್ಲ.